ಮುಂಬಯಿಯ ಮನೆಯಲ್ಲಿ ಯೂರೋವಿಷನ್ ಇರುಳು: ನೋಡುವ, ಅಂಕ ಕೊಡುವ ಬಗೆ

ಪ್ರತಿ ವರ್ಷ ಮೇ ತಿಂಗಳಿನ ಒಂದು ಶನಿವಾರ, ಮಧ್ಯ ಯುರೋಪಿನ ಗಡಿಯಾರದಲ್ಲಿ ರಾತ್ರಿ ಒಂಬತ್ತು ಹೊಡೆದಾಗ ತೊಡಗುವ ಯೂರೋವಿಷನ್ ಗೀತಸ್ಪರ್ಧೆಯ ಅಂತಿಮ ಸುತ್ತು ನಮ್ಮ ಪಾಲಿಗೆ ಭಾನುವಾರದ ಕಾರ್ಯಕ್ರಮ. ಹನ್ನೆರಡೂವರೆಗೆ ಆರಂಭವಾಗಿ, ಸುಮಾರು ನಾಲ್ಕು ಗಂಟೆ ಕಾಲ ನಡೆದು, ಬೆಳಗಿನ ಮೊದಲ ಲೋಕಲ್‌ಗಳು ಹೊರಡುವ ಹೊತ್ತಿಗೆ ಮುಗಿಯುತ್ತದೆ. ಅಷ್ಟು ಹೊತ್ತು ಯಾರು ಎಚ್ಚರವಿರುತ್ತಾರೆಂದು ಮರುದಿನ ಗೆದ್ದ ಹಾಡಿನ ತುಣುಕನ್ನಷ್ಟೇ ನೋಡಿ ಸುಮ್ಮನಾಗುವವರುಂಟು. ಆದರೆ ಬಯಲಾಟವನ್ನು ಚೌಕಿಪೂಜೆಯಿಂದ ಮಂಗಳದವರೆಗೆ ಕೂತು ನೋಡಿದ ಕರಾವಳಿಯ ಮಂದಿ ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಕೊನೆಯ ಲೋಕಲ್‌ಗೆ ಹೊಂದಿಸಲು ಪ್ರಸಂಗವನ್ನು ಮೂರು ಗಂಟೆಗಳ ಅವಧಿಗೆ ಮೊಟಕುಗೊಳಿಸುವ ಮುಂಬಯಿಯ ಪದ್ಧತಿಯ ಬಗ್ಗೆ ಅವರಲ್ಲಿ ಒಂದು ಕೊರಗೂ ಇದೆ. ಇಡೀ ರಾತ್ರಿಯ ಕೂಟಕ್ಕೆ ಮೊದಲು ಅವರನ್ನೇ ಕರೆಯಿರಿ.

ಕರೆದವರಿಗೆ ಮೊದಲೇ ತಿಳಿಸಬೇಕಾದ ಸಂಗತಿಗಳು ಸ್ವಲ್ಪವೇ. ಇಟಲಿಯ ಸಾನ್ ರೆಮೊ ಹಾಡಿನ ಉತ್ಸವವನ್ನು ಮಾದರಿಯಾಗಿಟ್ಟುಕೊಂಡು ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳೊಂದಿಗೆ ಈ ಸ್ಪರ್ಧೆಯನ್ನು ಆರಂಭಿಸಿತು. ದೇಶಕ್ಕೊಂದು ಹಾಡು; ಅದು ಮೂರು ನಿಮಿಷ ಮೀರಬಾರದು, ವೇದಿಕೆಯ ಮೇಲೆ ಆರು ಜನಕ್ಕಿಂತ ಹೆಚ್ಚು ಇರಬಾರದು, ಮುಖ್ಯ ಗಾಯನ ಅಲ್ಲಿಯೇ, ಆ ಕ್ಷಣದಲ್ಲಿಯೇ ಆಗಬೇಕು. ವಾದ್ಯಗಳೆಲ್ಲ ಧ್ವನಿಮುದ್ರಿತ. 1998ರವರೆಗೆ ಇದ್ದ ವಾದ್ಯವೃಂದ ಆಮೇಲೆ ಮರೆಯಾಯಿತು. ಸ್ವಂತ ನುಡಿಯಲ್ಲೇ ಹಾಡಬೇಕೆಂಬ ನಿಯಮವೂ 1999ರಿಂದ ಇಲ್ಲ. ನಮ್ಮ ವಾಹಿನಿಗಳ ಗಾಯನ ಸ್ಪರ್ಧೆಗಳನ್ನು ನೋಡಿ ಅಭ್ಯಾಸವಾದವರು ಗಮನಿಸಬೇಕಾದ ಮುಖ್ಯ ವ್ಯತ್ಯಾಸ ಬೇರೊಂದಿದೆ. ನಮ್ಮಲ್ಲಿ ಹಳೆಯ ಹಾಡನ್ನು ಹೊಸ ಕಂಠ ಎಷ್ಟು ಚೆನ್ನಾಗಿ ಹಾಡಿತೆಂದು ಅಳೆಯುತ್ತೇವೆ. ಅಲ್ಲಿ ಹೊಸ ಹಾಡಿಗೇ ಬಹುಮಾನ. ಕಂಠ ಒಂದು ಅಂಗ ಮಾತ್ರ.

ಈ ಇರುಳಿನ ಸುಖವೆಲ್ಲ ಕೈಯಲ್ಲಿ ಪೆನ್ಸಿಲು ಹಿಡಿದವರಿಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಕ ಕೊಡದೆ ನೋಡುವವನಿಗೆ ಸುಮಾರು ಇಪ್ಪತ್ತೈದು ಹಾಡುಗಳು ಬೆಳಕಿನ ಮೆರವಣಿಗೆಯಾಗಿ ಸಾಗಿಹೋಗುತ್ತವೆ. ಹನ್ನೆರಡನೆಯ ಹಾಡಿನ ಹೊತ್ತಿಗೆ ಮೂರನೆಯದು ನೆನಪಿರುವುದಿಲ್ಲ. ಆದ್ದರಿಂದ ಹಾಡುವ ಸರದಿ ಪ್ರಕಟವಾದ ಕೂಡಲೇ ಮನೆಯವರಲ್ಲಿ ಒಬ್ಬರು ಕ್ರಮಸಂಖ್ಯೆ, ದೇಶ, ಹಾಡಿನ ಹೆಸರು, ಭಾಷೆ, ನಾಲ್ಕು ಪದದ ಟಿಪ್ಪಣಿ, ಅಂಕ ಎಂಬ ಅಂಕಣಗಳಿರುವ ಹಾಳೆಯನ್ನು ಸಿದ್ಧಪಡಿಸಿ, ತಲೆಗೊಂದರಂತೆ ಝೆರಾಕ್ಸ್ ಮಾಡಿಸಿಡಲಿ. ಹಾಡುಗಳ ವಿಡಿಯೊಗಳು ವಾರಗಳ ಮೊದಲೇ ಯೂಟ್ಯೂಬಿನಲ್ಲಿ ಸಿಗುತ್ತವೆ. ಹಾಳೆ ಮಾಡುವವರು ಬೇಕಿದ್ದರೆ ಎಲ್ಲವನ್ನೂ ಕೇಳಿ, ಸಾಹಿತ್ಯದ ತಾತ್ಪರ್ಯವನ್ನು ಒಂದೊಂದು ಸಾಲಿನಲ್ಲಿ ಬರೆದಿಡಬಹುದು; ಉಳಿದವರು ಕೇಳದಿರುವುದೇ ಲೇಸು, ಏಕೆಂದರೆ ಮೊದಲ ಕೇಳ್ಮೆಯಲ್ಲೇ ಹಿಡಿದು ನಿಲ್ಲಿಸುವ ಶಕ್ತಿ ಹಾಡಿಗಿದೆಯೇ ಎಂಬುದೇ ಆ ರಾತ್ರಿಯ ಪರೀಕ್ಷೆ. ಮಂಗಳವಾರ, ಗುರುವಾರಗಳ ಉಪಾಂತ್ಯ ಸುತ್ತುಗಳೂ ಇದೇ ಅಪರಾತ್ರಿಯಲ್ಲಿ ಬರುವುದರಿಂದ ಬೆಳಗ್ಗೆ ಕಚೇರಿಗೆ ಹೋಗುವವರು ಅವನ್ನು ಬಿಟ್ಟರೂ ನಷ್ಟವಿಲ್ಲ.

ಅಂಕ ಕೊಡುವಾಗ ಹತ್ತಕ್ಕೆ ಏಳು, ಹತ್ತಕ್ಕೆ ಎಂಟು ಎಂಬ ಶಾಲೆಯ ಲೆಕ್ಕ ಬೇಡ. ಎಲ್ಲ ಹಾಡುಗಳಿಗೂ ಏಳೇ ಬೀಳುತ್ತದೆ. 1975ರಿಂದ ಅಲ್ಲಿ ಬಳಕೆಯಲ್ಲಿರುವ ಕ್ರಮವನ್ನೇ ಅನುಸರಿಸಿರಿ: ಅತ್ಯಂತ ಮೆಚ್ಚಿದ್ದಕ್ಕೆ ಹನ್ನೆರಡು, ಎರಡನೆಯದಕ್ಕೆ ಹತ್ತು, ಮೂರನೆಯದಕ್ಕೆ ಎಂಟು, ಅಲ್ಲಿಂದ ಏಳು, ಆರು ಎಂದು ಇಳಿಯುತ್ತ ಹತ್ತನೆಯದಕ್ಕೆ ಒಂದು, ಉಳಿದವಕ್ಕೆ ಸೊನ್ನೆ. ಇಷ್ಟವಾದ ಹಾಡೊಂದನ್ನು ಹನ್ನೊಂದನೆಯದೆಂದು ಕೈಬಿಡುವಾಗಿನ ಸಂಕಟವನ್ನು ಅನುಭವಿಸದೆ ಯೂರೋವಿಷನ್ ಏನೆಂದು ತಿಳಿಯುವುದಿಲ್ಲ. ಹಾಡುತ್ತಿರುವಾಗ ಟಿಪ್ಪಣಿ ಮಾತ್ರ ಬರೆಯಿರಿ. ಎಲ್ಲ ಮುಗಿದ ಮೇಲೆ ತುಣುಕುಗಳನ್ನು ಮತ್ತೆ ತೋರಿಸುತ್ತಾರೆ, ಆಗ ಅಂಕಗಳನ್ನು ಶಾಯಿಯಲ್ಲಿ ಬರೆದರಾಯಿತು.

ಟಿಪ್ಪಣಿಯಲ್ಲಿ ಏನನ್ನು ಗಮನಿಸಬೇಕೆಂದು ಕೇಳಿದರೆ, ಬೆಂಕಿ, ಹೊಗೆ, ಗಾಳಿಯಂತ್ರಗಳಿಗೆ ಒಮ್ಮೆಗೇ ಸೋಲಬೇಡಿ ಎನ್ನುತ್ತೇನೆ. 2017ರಲ್ಲಿ ಕೀವ್ ನಗರದಲ್ಲಿ ಪೋರ್ಚುಗಲ್‌ನ ಸಾಲ್ವಡೋರ್ ಸೊಬ್ರಾಲ್ ದೊಡ್ಡ ವೇದಿಕೆಯನ್ನೇ ಬಿಟ್ಟು, ಪ್ರೇಕ್ಷಕರ ನಡುವಿನ ಪುಟ್ಟ ಜಗಲಿಯಲ್ಲಿ ಒಬ್ಬನೇ ನಿಂತು, ಅಕ್ಕ ಲೂಯಿಸಾ ರಚಿಸಿದ ಹಾಡನ್ನು ಪೋರ್ಚುಗೀಸಿನಲ್ಲೇ ಹಾಡಿ 758 ಅಂಕ ಪಡೆದ. 1964ರಿಂದ ಭಾಗವಹಿಸುತ್ತಿದ್ದ ಆ ದೇಶಕ್ಕೆ ಅದೇ ಮೊದಲ ಗೆಲುವು. (ಗೋವೆಯ ಹಿರಿಯರು ಯಾರಾದರೂ ಕೂಟದಲ್ಲಿದ್ದರೆ ಆ ಹಾಡನ್ನು ಆರಂಭದಲ್ಲೊಮ್ಮೆ ಹಾಕಿ, ಅರ್ಥ ಹೇಳಿಸಿಕೊಳ್ಳಬಹುದು.) ಹಾಗೆಂದು ಅಬ್ಬರವೆಲ್ಲ ಪೊಳ್ಳೂ ಅಲ್ಲ. 2006ರಲ್ಲಿ ಅಥೆನ್ಸಿನಲ್ಲಿ ರಾಕ್ಷಸರ ಮುಖವಾಡ ತೊಟ್ಟ ಫಿನ್ಲೆಂಡಿನ ಲೋರ್ಡಿ ತಂಡ ಗೆದ್ದಾಗ ವೇಷಕ್ಕೂ ಹಾಡಿಗೂ ಸರಿಯಾದ ಹೊಂದಾಣಿಕೆ ಇತ್ತು.

ಕೂಟದಲ್ಲಿ ಎಂಟು ಹತ್ತು ಜನರಿದ್ದರೆ ಅವರನ್ನು ಎರಡು ಪಂಗಡ ಮಾಡುವುದು ಒಳ್ಳೆಯದು. ಸಂಗೀತ ಕಲಿತವರು ತೀರ್ಪುಗಾರರಾಗಲಿ, ಮಿಕ್ಕವರು ಪ್ರೇಕ್ಷಕರಾಗಲಿ. ಅಲ್ಲಿಯೂ ಸಂಗೀತ ವೃತ್ತಿಯವರ ಅಂಕ, ಜನರ ಮತ ಎಂಬ ಎರಡು ಗಳಿಕೆಗಳು ಬೇರೆಬೇರೆಯಾಗಿ ಪ್ರಕಟವಾಗಿ ಕೂಡುತ್ತವೆ. 2023ರಲ್ಲಿ ಲಿವರ್‌ಪೂಲ್‌ನಲ್ಲಿ ಸ್ವೀಡನ್ನಿನ ಲೋರೀನ್ ತೀರ್ಪುಗಾರರಿಂದ 340 ಅಂಕ ಪಡೆದಿದ್ದಳು. ಜನರು ಮಾತ್ರ ಫಿನ್ಲೆಂಡಿನ ಕ್ಯಾರಿಯನಿಗೆ 376 ಅಂಕಗಳನ್ನು ಸುರಿದರು, ತೀರ್ಪುಗಾರರು ಅವನಿಗೆ ಕೊಟ್ಟಿದ್ದು 150. ಒಟ್ಟಿನಲ್ಲಿ 583ಕ್ಕೆ 526ರಂತೆ ಲೋರೀನ್ ಗೆದ್ದಳು. ಈ ಜಗಳ ಅಭಿಮಾನಿಗಳಲ್ಲಿ ಇನ್ನೂ ತೀರಿಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ಜಗಳ ಹುಟ್ಟಲಿ. ಅಲ್ಲಿ ಅಂಕ ಸಾರುವ ದೇಶದೇಶದ ವಕ್ತಾರರಂತೆ ಪ್ರತಿಯೊಬ್ಬರೂ ತಮ್ಮ ಬಡಾವಣೆಯ ವಕ್ತಾರರಾಗಿ ಎದ್ದುನಿಂತು, ‘ಡೊಂಬಿವಲಿಯಿಂದ ನಮಸ್ಕಾರ, ನಮ್ಮ ಹನ್ನೆರಡು ಅಂಕಗಳು ಇಂಥ ದೇಶಕ್ಕೆ’ ಎಂದು ಘೋಷಿಸಿದರೆ ಮುಲುಂಡಿನವರು, ವಾಶಿಯವರು ಸುಮ್ಮನಿರುವುದಿಲ್ಲ. ಸರಿಸಮ ಅಂಕ ಬಂದರೆ ಏನು ಮಾಡುವುದೆಂದು ಮೊದಲೇ ತೀರ್ಮಾನಿಸಿರಿ. 1969ರಲ್ಲಿ ಅಂಥ ನಿಯಮವಿಲ್ಲದೆ ಸ್ಪೇನ್, ಬ್ರಿಟನ್, ನೆದರ್ಲೆಂಡ್ಸ್, ಫ್ರಾನ್ಸ್ ನಾಲ್ಕನ್ನೂ ವಿಜೇತರೆಂದು ಸಾರಬೇಕಾಯಿತು. ಈಗ ಜನಮತ ಹೆಚ್ಚಿದ್ದವರಿಗೆ ಗೆಲುವು. ಮನೆಗೂ ಅದು ಸಾಕು.

ಮನೆಯ ಎಣಿಕೆಯನ್ನು ಅಲ್ಲಿನ ಎಣಿಕೆ ಆರಂಭವಾಗುವ ಮೊದಲೇ ಮುಗಿಸಿಬಿಡಿ, ಏಕೆಂದರೆ ಆಮೇಲೆ ಪರದೆಯಿಂದ ಕಣ್ಣು ಕೀಳಲಾಗುವುದಿಲ್ಲ. ದೇಶದೇಶದ ತೀರ್ಪುಗಾರರ ಅಂಕಗಳು ಬಂದು ಒಂದು ಪಟ್ಟಿ ನಿಂತ ಮೇಲೆ, ಅದರ ತಳದಲ್ಲಿರುವ ದೇಶದಿಂದ ಮೊದಲ್ಗೊಂಡು ಮೇಲೆ ಮೇಲೆ ಹೋಗುತ್ತ ಜನಮತದ ಮೊತ್ತವನ್ನು ಓದುತ್ತಾರೆ. ನಡುವಿನಲ್ಲಿದ್ದವರು ಒಮ್ಮೆಲೇ ತುದಿಗೆ ಜಿಗಿಯುತ್ತಾರೆ. ಮೊದಲ ಸ್ಥಾನದಲ್ಲಿದ್ದವರು ತಮಗೆ ಎಷ್ಟು ಅಂಕ ಸಾಕೆಂಬುದನ್ನು ತಿಳಿದೂ ಕೊನೆಯವರೆಗೆ ಬೆವರುತ್ತಾರೆ. ಗ್ರೀಸ್ ಮತ್ತು ಸೈಪ್ರಸ್ ಎಂದಿನಂತೆ ಪರಸ್ಪರ ಹನ್ನೆರಡು ಅಂಕ ಕೊಟ್ಟುಕೊಂಡಾಗ ಸಭಾಂಗಣದಲ್ಲಿ ಏಳುವ ಗದ್ದಲದಲ್ಲಿ ನೀವೂ ಸೇರಬಹುದು. ಲೋಕದ ಕಹಿಯೂ ಇಲ್ಲಿ ಬರುತ್ತದೆ: 2022ರಲ್ಲಿ ರಷ್ಯಾವನ್ನು ಹೊರಗಿಡಲಾಯಿತು, ಅದೇ ವರ್ಷ ಉಕ್ರೇನಿಗೆ ಜನರಿಂದಲೇ 439 ಅಂಕಗಳು ಬಂದವು. ಇದು ಬರಿಯ ಹಾಡಿನ ವಿಷಯವೆಂದು ಯಾರಾದರೂ ಹೇಳಿದರೆ ನಂಬುವುದು ಕಷ್ಟ.

ಭಾರತ ಸ್ಪರ್ಧೆಯಲ್ಲಿಲ್ಲದಿದ್ದರೂ 2023ರಿಂದ ಭಾಗವಹಿಸದ ದೇಶಗಳ ವೀಕ್ಷಕರೂ ಹಣ ಕೊಟ್ಟು ಆನ್‌ಲೈನ್ ಮತ ಹಾಕಬಹುದು. ಆ ಮತಗಳೆಲ್ಲ ಸೇರಿ ಒಂದು ದೇಶದ ತೂಕ ಪಡೆಯುತ್ತವೆ. ನಮ್ಮ ಕಾರ್ಡುಗಳಲ್ಲಿ ವಿದೇಶಿ ಪಾವತಿಗೆ ಅನುಮತಿಯನ್ನು ಬ್ಯಾಂಕಿನ ಆಪ್‌ನಲ್ಲಿ ನಾವೇ ತೆರೆಯಬೇಕಾದ್ದರಿಂದ ಆ ಕೆಲಸವನ್ನು ಶನಿವಾರ ಸಂಜೆಯೇ ಮಾಡಿಟ್ಟುಕೊಂಡು, ಮತ ಹಾಕಿದ ಮೇಲೆ ಮರೆಯದೆ ಮುಚ್ಚಿರಿ.

ಇನ್ನು ಮನೆಯ ಏರ್ಪಾಡು. ಅಧಿಕೃತ ಯೂಟ್ಯೂಬ್ ವಾಹಿನಿಯ ನೇರಪ್ರಸಾರವನ್ನು ಲ್ಯಾಪ್‌ಟಾಪಿನಿಂದ ಟಿವಿಗೆ ಜೋಡಿಸಿ ಮೊದಲೇ ಪರೀಕ್ಷಿಸಿಕೊಳ್ಳಿ. ಮೇ ತಿಂಗಳ ಸೆಕೆಗೆ ಕಿಟಕಿಗಳನ್ನು ತೆರೆದೇ ಇಡಬೇಕಾಗುವುದರಿಂದ ಧ್ವನಿ ತಗ್ಗಿರಲಿ. ಸೊಸೈಟಿಯ ಕಾರ್ಯದರ್ಶಿಯನ್ನೂ ಕರೆದುಬಿಡುವುದು ಇನ್ನೂ ಕ್ಷೇಮ. ದೂರದವರು ಹನ್ನೊಂದರೊಳಗೆ ಬಂದು ಸೇರಲಿ. ಕರಿದ ತಿಂಡಿಗಿಂತ ಚುರುಮುರಿ, ಮಾವಿನಹಣ್ಣಿನ ರಸಾಯನ ಮೇಲು, ಎಣ್ಣೆ ಹತ್ತಿದ ಬೆರಳಿನಿಂದ ಅಂಕಪಟ್ಟಿ ಹಾಳಾಗದು. ಕಾಫಿಯನ್ನು ಹಾಡುಗಳೆಲ್ಲ ಮುಗಿದು ಎಣಿಕೆಗೆ ಮೊದಲಿನ ಮನರಂಜನೆಯ ಬಿಡುವಿನಲ್ಲಿ ಮಾಡಿರಿ. ಆದರೂ ಒಬ್ಬರು ಟಿವಿಯ ಮುಂದೆ ಕಾವಲಿರಲಿ: ರಿವರ್‌ಡಾನ್ಸ್ ಎಂಬ ಐರಿಷ್ ನೃತ್ಯ 1994ರಲ್ಲಿ ಡಬ್ಲಿನ್‌ನಲ್ಲಿ ಲೋಕಪ್ರಸಿದ್ಧವಾದದ್ದು ಇಂಥದೇ ಬಿಡುವಿನಲ್ಲಿ.

ಒಂದು ವರ್ಷದಲ್ಲೇ ರುಚಿ ಹತ್ತಿದವರು ಮುಂದಿನ ಮೇ ತನಕ ಕಾಯಬೇಕಿಲ್ಲ. ಫೆಬ್ರವರಿ ಸುಮಾರಿಗೆ ಇಟಲಿಯ ಸಾನ್ ರೆಮೊ ಐದು ರಾತ್ರಿ ನಡೆಯುತ್ತದೆ, ಸ್ವೀಡನ್ನಿನ ಮೆಲೊಡಿಫೆಸ್ಟಿವಾಲೆನ್ ಹಲವು ಶನಿವಾರಗಳ ಕಾಲ ಸಾಗುತ್ತದೆ. ಆರಂಭಕ್ಕೆ ಎರಡನೆಯದೇ ಅನುಕೂಲ: ಹಾಡುಗಳು ಕಡಿಮೆ, ಮರುದಿನ ರಜೆ, ಸ್ವೀಡನ್ನಿನಲ್ಲಿ ಸಂಜೆ ಎಂಟಕ್ಕೆ ತೊಡಗುವ ಅದು ಚಳಿಗಾಲದ ಲೆಕ್ಕದಲ್ಲಿ ನಮಗೆ ಮತ್ತೆ ಅದೇ ಹನ್ನೆರಡೂವರೆಗೆ.