ನಾಲ್ಕು ಕಾರ್ಡ್ ಸಾಕು, ಹಾಡಿನ ಗುರುತು ಬಿಡಬೇಡಿ

ಗಿಟಾರ್ ಅಥವಾ ಪಿಯಾನೊ ಕಲಿಯಲು ಶುರು ಮಾಡಿದ ಒಂದೆರಡು ತಿಂಗಳಲ್ಲೇ ಎಲ್ಲರೂ ಕೇಳುವ ಮಾತು ಒಂದೇ: ‘ಎಲ್ಲಿ, ಒಂದು ಹಾಡು ನುಡಿಸು ನೋಡೋಣ.’ ಆಗ ಸ್ಕೇಲ್ (ಸ್ವರಗಳ ಏರಿಳಿತದ ಅಭ್ಯಾಸ) ನುಡಿಸಿ ತೋರಿಸಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಹಳೆಯ ಪಾಪ್ ಹಾಡುಗಳು ಕೈಹಿಡಿಯುವುದು ಇಲ್ಲೇ. 1960 ಮತ್ತು 70ರ ದಶಕದ ಎಷ್ಟೋ ಹಾಡುಗಳು ಮೂರ್ನಾಲ್ಕು ಕಾರ್ಡ್‌ಗಳಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳಲ್ಲಿ, ಮುಗಿಯುತ್ತವೆ. ವೇಗವೂ ಜಾಸ್ತಿ ಇರುವುದಿಲ್ಲ. ನೀವು ಅರ್ಧಂಬರ್ಧ ನುಡಿಸಿದರೂ ಕೇಳುವವರು ಮಿಕ್ಕದ್ದನ್ನು ತಾವೇ ಹಾಡಿಕೊಳ್ಳುತ್ತಾರೆ.

ಆದರೂ ಒಂದು ತೊಂದರೆ ಇದೆ. ಇಂಟರ್ನೆಟ್‌ನಲ್ಲಿ ಕಾರ್ಡ್ ಹುಡುಕಿ, ಸಾಲಿನ ಮೇಲೆ ಬರೆದ ಹಾಗೆಯೇ ನುಡಿಸಿದರೂ ಅದು ಆ ಹಾಡು ಅಂತ ಅನ್ನಿಸುವುದೇ ಇಲ್ಲ. ಏಕೆಂದರೆ ಅದೇ ಕಾರ್ಡ್‌ಗಳು ನೂರಾರು ಹಾಡುಗಳಲ್ಲಿ ಇವೆ. ಸಿ, ಜಿ, ಎ ಮೈನರ್, ಎಫ್ ಎಂಬ ನಾಲ್ಕನ್ನೇ ತೆಗೆದುಕೊಳ್ಳಿ. ಬೀಟಲ್ಸ್‌ನ ‘ಲೆಟ್ ಇಟ್ ಬಿ’ (1970) ಶುರುವಾಗುವುದು ಇದರಲ್ಲೇ. ಬಾಬ್ ಮಾರ್ಲಿಯ ‘ನೋ ವುಮನ್ ನೋ ಕ್ರೈ’ಗೂ ಇದೇ ಕ್ರಮ. ಯು2 ತಂಡದ ‘ವಿತ್ ಆರ್ ವಿತೌಟ್ ಯು’ (1987) ಡಿ ಶ್ರುತಿಯಲ್ಲಿದೆ, ಆದರೆ ಕಾರ್ಡ್‌ಗಳ ನಡೆ ಅದೇ. ಮೂರೂ ಒಂದರ ಹಾಗೆ ಇನ್ನೊಂದು ಕೇಳಿಸುತ್ತವಾ? ಇಲ್ಲ ಅಲ್ವಾ?

ಇದು ಯಾವ ಹಾಡು ಅಂತ ಕಿವಿಗೆ ತಿಳಿಸುವುದು ಕಾರ್ಡ್ ಅಲ್ಲ, ಅದರ ಜತೆಗಿರುವ ಒಂದು ಸಣ್ಣ ಗುರುತು. ಅದು ಬೇಸ್ (ಎಲ್ಲಕ್ಕಿಂತ ಕೆಳಗಿನ ಸ್ವರ) ಇಳಿಯುವ ರೀತಿ ಇರಬಹುದು, ತಾಳದ ಪೆಟ್ಟು ಇರಬಹುದು, ಎರಡು ಸಾಲುಗಳ ನಡುವೆ ನುಸುಳುವ ಮೂರು ಸ್ವರ ಇರಬಹುದು. ಆ ಗುರುತನ್ನು ಬಿಡದೆ ಹಿಡಿಯಿರಿ. ಉಳಿದದ್ದನ್ನೆಲ್ಲ ಧಾರಾಳವಾಗಿ ಸುಲಭ ಮಾಡಿಕೊಳ್ಳಿ. ಹೇಗೆ ಅಂತ ಒಂದೊಂದಾಗಿ ನೋಡೋಣ.

1. ಹಾಡು ಆರಿಸುವುದು

ಇಷ್ಟದ ಹಾಡನ್ನೇ ಆರಿಸಿ, ಆದರೆ ಮೊದಲು ಅದರ ಕಾರ್ಡ್‌ಗಳನ್ನು ಎಣಿಸಿ. ಗಿಟಾರ್‌ಗೆ ಹೊಸಬರಾದರೆ ಅಮೆರಿಕಾ ತಂಡದ ‘ಎ ಹಾರ್ಸ್ ವಿತ್ ನೋ ನೇಮ್’ ನೋಡಿ. ಉದ್ದಕ್ಕೂ ಎರಡೇ ಆಕಾರಗಳ (ಕಾರ್ಡ್ ಹಿಡಿಯುವ ಬೆರಳುಗಳ ಜೋಡಣೆ) ಮೇಲೆ ನಡೆಸಿಬಿಡಬಹುದು. ಬಾಬ್ ಡಿಲನ್‌ನ ‘ನಾಕಿಂಗ್ ಆನ್ ಹೆವೆನ್ಸ್ ಡೋರ್’ (1973) ಮುಂದಿನ ಮೆಟ್ಟಿಲು. ಒಂದು ಸಲ ಜಿ, ಡಿ, ಎ ಮೈನರ್. ಮತ್ತೊಂದು ಸಲ ಜಿ, ಡಿ, ಸಿ. ಅಷ್ಟೇ. ಪಿಯಾನೊದವರಿಗೆ ‘ಲೆಟ್ ಇಟ್ ಬಿ’ ಮತ್ತು ಜಾನ್ ಲೆನನ್‌ನ ‘ಇಮ್ಯಾಜಿನ್’ (1971) ಎರಡೂ ಸಿ ಶ್ರುತಿಯಲ್ಲಿವೆ, ಕಪ್ಪು ಕೀಲಿಗಳ ಕಾಟ ಕಡಿಮೆ.

ಎರಡೂ ವಾದ್ಯಕ್ಕೆ ಹೊಂದುವ ಒಂದೇ ಹಾಡು ಹೇಳಿ ಅಂದರೆ ನಾನು ಬೆನ್ ಇ. ಕಿಂಗ್ ಹಾಡಿದ ‘ಸ್ಟ್ಯಾಂಡ್ ಬೈ ಮಿ’ (1961) ಅನ್ನುತ್ತೇನೆ. ಎಂಟು ಬಾರ್‌ಗಳ (ಒಂದು ಬಾರ್ ಅಂದರೆ ಒಂದು ತಾಳಾವರ್ತ) ಒಂದು ಸುತ್ತು. ಪಲ್ಲವಿಗೂ ಚರಣಕ್ಕೂ ಅದೇ ಸುತ್ತು. ಒಮ್ಮೆ ಕೈಗೆ ಬಂತೆಂದರೆ ಹಾಡು ಪೂರ್ತಿ ಬಂದ ಹಾಗೆ.

ಸ್ವಲ್ಪ ಕಾಯಿಸಬೇಕಾದವೂ ಇವೆ. ಈಗಲ್ಸ್‌ನ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಎಲ್ಲರ ಕನಸು, ಸರಿ. ಆದರೆ ಅದರ ಚರಣದ ಎಂಟು ಬಾರ್‌ಗಳಲ್ಲಿ ಏಳು ಬೇರೆ ಬೇರೆ ಕಾರ್ಡ್‌ಗಳಿವೆ. ಪೊಲೀಸ್ ತಂಡದ ‘ಎವ್ರಿ ಬ್ರೆತ್ ಯು ಟೇಕ್’ (1983) ಇನ್ನೂ ಮೋಸದ್ದು. ಕಾಗದದ ಮೇಲೆ ಸುಲಭ. ಅದರ ಗಿಟಾರ್ ನುಡಿಸಲು ಹೋದರೆ ಬೆರಳುಗಳನ್ನು ಎಷ್ಟು ಅಗಲಿಸಬೇಕು ಅಂದರೆ ಮೊದಲ ದಿನವೇ ಕೈ ಸೋತುಹೋಗುತ್ತದೆ.

2. ಶ್ರುತಿ ನಿಮ್ಮ ಗಂಟಲಿಗೆ, ಆಕಾರ ನಿಮ್ಮ ಕೈಗೆ

ಮೂಲ ಹಾಡು ಯಾವ ಶ್ರುತಿಯಲ್ಲಿದೆಯೋ ಅಲ್ಲೇ ನುಡಿಸಬೇಕು ಎಂಬ ಹಟ ಬೇಡ. ಗಿಟಾರ್‌ನಲ್ಲಿ ಕೇಪೊ (ಎಲ್ಲ ತಂತಿಗಳನ್ನೂ ಅಡ್ಡ ಒತ್ತಿ ಹಿಡಿಯುವ ಕ್ಲಿಪ್) ಇರುವುದೇ ಇದಕ್ಕೆ. ಕೇಪೊ ಒಂದು ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಅಡ್ಡಗೆರೆಗಳ ನಡುವಿನ ಒಂದು ಮನೆ) ಮೇಲೆ ಹೋದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ‘ಸ್ಟ್ಯಾಂಡ್ ಬೈ ಮಿ’ ಮೂಲದಲ್ಲಿ ಎ ಶ್ರುತಿ. ಕಾರ್ಡ್‌ಗಳು ಎ, ಎಫ್ ಶಾರ್ಪ್ ಮೈನರ್, ಡಿ, ಇ. ಆ ಎರಡನೆಯದನ್ನು ಹಿಡಿಯಲು ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಒತ್ತಬೇಕು, ಹೊಸಬರಿಗೆ ಕಷ್ಟ. ಕೇಪೊವನ್ನು ಎರಡನೇ ಫ್ರೆಟ್‌ಗೆ ಹಾಕಿ ಜಿ, ಇ ಮೈನರ್, ಸಿ, ಡಿ ಆಕಾರಗಳನ್ನು ಹಿಡಿಯಿರಿ. ಶ್ರುತಿ ಅದೇ, ಕಷ್ಟ ಇಲ್ಲ.

ಇದೇನೂ ಕಳ್ಳದಾರಿ ಅಲ್ಲ. ಜಾರ್ಜ್ ಹ್ಯಾರಿಸನ್ ‘ಹಿಯರ್ ಕಮ್ಸ್ ದ ಸನ್’ (1969) ನುಡಿಸಿದ್ದೇ ಏಳನೇ ಫ್ರೆಟ್‌ನಲ್ಲಿ ಕೇಪೊ ಹಾಕಿ, ಡಿ ಆಕಾರದಲ್ಲಿ. ಪಾಲ್ ಮೆಕಾರ್ಟ್ನಿ ‘ಯೆಸ್ಟರ್‌ಡೇ’ಗೆ (1965) ಇನ್ನೊಂದು ಉಪಾಯ ಮಾಡಿದ. ಇಡೀ ಗಿಟಾರನ್ನು ಒಂದು ಸ್ವರ ಕೆಳಗೆ ಇಳಿಸಿ, ಜಿ ಆಕಾರಗಳಲ್ಲಿ ನುಡಿಸಿದ. ಕೇಳುವವರಿಗೆ ಅದು ಎಫ್. ದೊಡ್ಡವರೇ ಹೀಗೆ ಮಾಡಿರುವಾಗ ನಮಗೇನು ಸಂಕೋಚ?

ಕೀಬೋರ್ಡ್‌ನಲ್ಲಾದರೆ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಇರುತ್ತದೆ, ಒತ್ತಿ. ಹಾಡುವವರು ನೀವೇ ಆದರೆ ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿ ನೋಡಿ. ಅಲ್ಲಿ ಗಂಟಲು ಹಿಡಿದರೆ ಶ್ರುತಿ ಇಳಿಸಿ. ಮೊದಲ ಸಾಲಿನಿಂದ ಪರೀಕ್ಷೆ ಮಾಡಿದರೆ ಪಲ್ಲವಿ ಬಂದಾಗ ಸಿಕ್ಕಿಬೀಳುತ್ತೀರಿ.

3. ಮೊದಲು ಬೇಸ್ ಮಾತ್ರ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಕಾರ್ಡ್ ಬದಿಗಿಡಿ. ಹಾಡು ಹಾಕಿಕೊಂಡು, ಪ್ರತಿ ಕಾರ್ಡ್‌ನ ಕೆಳಗಿನ ಒಂದೇ ಸ್ವರವನ್ನು ಅದರ ಜತೆ ನುಡಿಸುತ್ತಾ ಹೋಗಿ. ಪಿಯಾನೊದಲ್ಲಿ ಎಡಗೈಯ ಒಂದು ಬೆರಳು, ಗಿಟಾರ್‌ನಲ್ಲಿ ದಪ್ಪ ತಂತಿಗಳ ಪೈಕಿ ಒಂದು.

ಬಿಲ್ಲಿ ಜೋಯಲ್‌ನ ‘ಪಿಯಾನೊ ಮ್ಯಾನ್’ (1973) ಹೀಗೆ ಮಾಡಿ ನೋಡಿ, ಗುಟ್ಟು ಬಯಲಾಗುತ್ತದೆ. ಎಡಗೈ ಸಿಯಿಂದ ಶುರುವಾಗಿ ಬಿ, ಎ, ಜಿ, ಎಫ್, ಇ, ಡಿ ಎಂದು ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ಜಿ ಮೇಲೆ ನಿಲ್ಲುತ್ತದೆ. ಕಾಗದದಲ್ಲಿ ಜಿ, ಎಫ್, ಸಿ ಅಂತ ಮಾತ್ರ ಬರೆದಿದ್ದರೆ, ನೀವು ಪ್ರತಿ ಸಲ ಆಯಾ ಕಾರ್ಡ್‌ನ ಮೂಲ ಸ್ವರಕ್ಕೆ ಹಾರುತ್ತೀರಿ. ಇಳಿಯುವ ಸಾಲು ಮಾಯವಾಗುತ್ತದೆ, ಹಾಡೂ ಮಾಯವಾಗುತ್ತದೆ. ಅಂಥ ಕಡೆ ಜಿ ಕಾರ್ಡ್‌ನ ಕೆಳಗೆ ಬಿ, ಎಫ್ ಕಾರ್ಡ್‌ನ ಕೆಳಗೆ ಎ ಇರಬೇಕು. ಜಿ ಅಂತ ಬರೆದು ಪಕ್ಕದಲ್ಲಿ ಓರೆಗೆರೆ ಎಳೆದು ಬಿ ಅಂತ ಬರೆದಿದ್ದರೆ ಅದರ ಅರ್ಥ ಇದೇ: ಬಲಗೈಗೆ ಜಿ, ಎಡಗೈಗೆ ಬಿ. ಪ್ರೊಕೊಲ್ ಹೇರಮ್ ತಂಡದ ‘ಎ ವೈಟರ್ ಶೇಡ್ ಆಫ್ ಪೇಲ್’ (1967) ಕೂಡ ಇದೇ ಜಾತಿಯದು. ಬೇಸ್ ಇಳಿಯುತ್ತಲೇ ಇರುತ್ತದೆ, ಮೇಲೆ ಆರ್ಗನ್ ತನ್ನ ಪಾಡಿಗೆ ಹಾಡುತ್ತಿರುತ್ತದೆ.

4. ಕಾರ್ಡ್ ಬದಲಾಯಿಸುವಾಗ ಅಲುಗಾಡದ ಬೆರಳು

ಈಗ ಕಾರ್ಡ್. ಇಲ್ಲಿ ಜಾಣತನ ಅಂದರೆ ಕೈಯನ್ನು ಆದಷ್ಟು ಕಡಿಮೆ ಸರಿಸುವುದು.

ಪಿಯಾನೊದ ಬಲಗೈ ನೋಡಿ. ಸಿ ಕಾರ್ಡ್‌ಗೆ ಸಿ, ಇ, ಜಿ ಒತ್ತಿದ್ದೀರಿ. ಎ ಮೈನರ್‌ಗೆ ಹೋಗಲು ಕೈ ಎತ್ತಬೇಕಿಲ್ಲ. ಸಿ ಮತ್ತು ಇ ಹಾಗೇ ಇರಲಿ, ಜಿ ಮೇಲಿದ್ದ ಬೆರಳು ಪಕ್ಕದ ಎಗೆ ಹೋದರೆ ಮುಗಿಯಿತು. ಅಲ್ಲಿಂದ ಎಫ್‌ಗೆ? ಇ ಮೇಲಿದ್ದದ್ದು ಎಫ್‌ಗೆ ಜರುಗಿದರೆ ಸಾಕು: ಸಿ, ಎಫ್, ಎ. ಜಿ ಕಾರ್ಡ್‌ಗೆ ಬಿ, ಡಿ, ಜಿ. ನಾಲ್ಕೂ ಕಾರ್ಡ್‌ಗಳು ಒಂದೇ ಅಂಗೈಯ ಅಗಲದಲ್ಲಿ ಸಿಗುತ್ತವೆ. ಕೇಳುವುದಕ್ಕೂ ಇದೇ ಚಂದ, ಕೈ ಜಿಗಿದ ಸದ್ದು ಬರುವುದಿಲ್ಲ.

ಗಿಟಾರ್‌ನಲ್ಲೂ ಇದೇ ಲೆಕ್ಕ. ಸಿ ಹಿಡಿದಾಗ ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್‌ನಲ್ಲಿ, ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ, ಉಂಗುರ ಬೆರಳು ಐದನೇ ತಂತಿಯ ಮೂರನೇ ಫ್ರೆಟ್‌ನಲ್ಲಿ ಇರುತ್ತದೆ. ಎ ಮೈನರ್‌ಗೆ ಉಂಗುರ ಬೆರಳೊಂದು ಎದ್ದು ಮೂರನೇ ತಂತಿಯ ಎರಡನೇ ಫ್ರೆಟ್‌ಗೆ ಬಂದರೆ ಆಯಿತು. ಎಲ್ಲರನ್ನೂ ಅಳಿಸುವ ಎಫ್ ಕಾರ್ಡ್‌ಗೂ ತೋರುಬೆರಳು ಅಲ್ಲೇ ಇರಲಿ. ನಡುಬೆರಳನ್ನು ಮೂರನೇ ತಂತಿಯ ಎರಡಕ್ಕೆ, ಉಂಗುರ ಬೆರಳನ್ನು ನಾಲ್ಕನೇ ತಂತಿಯ ಮೂರಕ್ಕೆ ಇಡಿ. ತೆಳ್ಳನೆಯ ಮೊದಲ ತಂತಿ ಖಾಲಿ ಇರಲಿ, ದಪ್ಪನೆಯ ಎರಡನ್ನು ಮುಟ್ಟಬೇಡಿ. ಪಕ್ಕಾ ಎಫ್ ಅಲ್ಲ, ಎಫ್ ಮೇಜರ್ ಸೆವೆನ್. ಹಾಡಿನ ಮಧ್ಯೆ ಯಾರೂ ತಕರಾರು ತೆಗೆಯುವುದಿಲ್ಲ.

ಇಡೀ ಹಾಡನ್ನು ಮತ್ತೆ ಮತ್ತೆ ನುಡಿಸಿದರೆ ಕೈ ತಡವರಿಸುವ ಜಾಗ ತಡವರಿಸುತ್ತಲೇ ಇರುತ್ತದೆ. ಆ ಎರಡು ಕಾರ್ಡ್‌ಗಳ ನಡುವಿನ ದಾಟುವಿಕೆಯನ್ನು ಮಾತ್ರ ತೆಗೆದುಕೊಂಡು ಅದನ್ನೇ ತಿಕ್ಕಿ.

5. ಬಲಗೈ ನಿಲ್ಲಬಾರದು

ಗಿಟಾರ್‌ನವರು ಎಡಗೈಯನ್ನು ತಂತಿಗಳ ಮೇಲೆ ಸುಮ್ನೆ ಇಟ್ಟು, ಸ್ವರ ಬರದಂತೆ ಮಾಡಿ, ಬಲಗೈಯಿಂದ ತಾಳ ಮಾತ್ರ ಹೊಡೆಯಿರಿ. ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ ಎಂಬ ನಡೆ ನಾಲ್ಕು ಎಣಿಕೆಯ ಬಹುಪಾಲು ಹಾಡುಗಳಿಗೆ ಒಗ್ಗುತ್ತದೆ. ತಂತಿ ಮುಟ್ಟದ ಎಣಿಕೆಯಲ್ಲೂ ಕೈ ಗಾಳಿಯಲ್ಲಿ ಆಡುತ್ತಲೇ ಇರಬೇಕು. ಕಾರ್ಡ್ ಸಿಗದಿದ್ದರೆ ತಪ್ಪು ಸ್ವರ ಬರಲಿ, ಪರವಾಗಿಲ್ಲ, ತಾಳ ನಿಲ್ಲಿಸಬೇಡಿ. ತಪ್ಪು ಸ್ವರವನ್ನು ಜನ ಒಂದು ಕ್ಷಣದಲ್ಲಿ ಮರೆಯುತ್ತಾರೆ, ಲಯ ಮುರಿದರೆ ಹಾಡುವವರು ಎಡವುತ್ತಾರೆ. ಮೆಟ್ರೊನೋಮನ್ನು (ಲಯಕ್ಕೆ ಟಿಕ್ ಟಿಕ್ ಅನ್ನುವ ಸಾಧನ) ನಿಮಿಷಕ್ಕೆ 60ಕ್ಕೆ ಇಟ್ಟು ಶುರು ಮಾಡಿ.

‘ಪಿಯಾನೊ ಮ್ಯಾನ್’ ಮಾತ್ರ ಮೂರರ ಎಣಿಕೆ. ಎಡಗೈ ಒಂದಕ್ಕೆ, ಬಲಗೈ ಎರಡು ಮೂರಕ್ಕೆ.

6. ಗುರುತು ಕೂಡಿಸುವುದು

ಹಾಡು ನಿಧಾನವಾಗಿಯಾದರೂ ಮೊದಲಿಂದ ಕೊನೆಯವರೆಗೆ ನಿಲ್ಲದೆ ಬಂತೇ? ಈಗ ಗುರುತಿನ ಸರದಿ. ‘ಇಮ್ಯಾಜಿನ್’ನಲ್ಲಿ ಸಿ ಇಂದ ಎಫ್‌ಗೆ ಹೋಗಿ ಮತ್ತೆ ಸಿಗೆ ಮರಳುವ ಮುನ್ನ ಎ, ಎ ಶಾರ್ಪ್, ಬಿ ಎಂದು ಮೂರು ಸ್ವರಗಳು ಹತ್ತುತ್ತವೆ. ಆ ಮೂರನ್ನು ನುಡಿಸಿದ ಕೂಡಲೇ ಕೋಣೆಯಲ್ಲಿದ್ದವರು ತಲೆ ಎತ್ತುತ್ತಾರೆ. ‘ಲೆಟ್ ಇಟ್ ಬಿ’ಯಲ್ಲಿ ಎರಡನೇ ಸಾಲಿನ ಕೊನೆಗೆ ಬೇಸ್ ಎಫ್, ಇ, ಡಿ, ಸಿ ಎಂದು ಇಳಿಯುತ್ತದೆ. ಅದನ್ನು ಬಿಟ್ಟು ಎಫ್‌ನಿಂದ ನೇರ ಸಿಗೆ ಹಾರಿದರೆ ಏನೋ ಕಳೆದುಹೋದ ಹಾಗಿರುತ್ತದೆ. ‘ಸ್ಟ್ಯಾಂಡ್ ಬೈ ಮಿ’ಯ ಗುರುತು ಪೂರ್ತಿ ಬೇಸ್‌ನಲ್ಲೇ ಇದೆ. ಹಾಡು ಶುರುವಾಗುವುದೇ ಅದರಿಂದ. ಕಿವಿಗೊಟ್ಟು ಕೇಳಿ, ಬಾಯಲ್ಲಿ ಗುನುಗಿ, ಆಮೇಲೆ ತಂತಿಯ ಮೇಲೆ ಹುಡುಕಿ.

ಆನಿಮಲ್ಸ್ ತಂಡ 1964ರಲ್ಲಿ ಹಾಡಿದ ‘ದ ಹೌಸ್ ಆಫ್ ದ ರೈಸಿಂಗ್ ಸನ್’ ಗಿಟಾರ್‌ನವರಿಗೆ ಒಳ್ಳೆಯ ಪಾಠ. ಜನಪದ ಹಾಡು, ಯಾರು ಕಟ್ಟಿದರೋ ಗೊತ್ತಿಲ್ಲದಷ್ಟು ಹಳೆಯದು. ಆದರೆ ನಾವೆಲ್ಲ ನೆನಪಿಡುವುದು ಆ ತಂಡದ ಬಿಡಿ ಬಿಡಿ ತಂತಿಗಳ ನಡೆಯನ್ನು. ಸ್ಟ್ರಮ್ಮಿಂಗ್ ಮಾಡಿದರೆ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟಿದರೆ, ಹಾಡು ಸತ್ತೇಹೋಗುತ್ತದೆ. ಆರರ ಎಣಿಕೆ: ಮೊದಲು ಬೇಸ್ ತಂತಿ, ಆಮೇಲೆ ಮೂರು, ಎರಡು, ಒಂದು, ಎರಡು, ಮೂರು. ಇದು ಸುಲಭದ ರೂಪ. ಬೇಸ್ ತಂತಿ ಕಾರ್ಡ್ ನೋಡಿ ಬದಲಾಗುತ್ತದೆ. ಎ ಮೈನರ್ ಮತ್ತು ಸಿಗೆ ಐದನೆಯದು, ಡಿ ಮತ್ತು ಪುಟ್ಟ ಎಫ್‌ಗೆ ನಾಲ್ಕನೆಯದು, ಇ ಬಂದಾಗ ಆರನೆಯದು. ಮೂರನೇ ಹೆಜ್ಜೆಯ ಬೇಸ್ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ.

7. ಹಾಡುತ್ತಾ ನುಡಿಸುವುದು

ಕೈ ಮಾತು ಕೇಳುವವರೆಗೆ ಬಾಯಿ ತೆರೆಯಬೇಡಿ. ಟಿವಿ ನೋಡುತ್ತಾ, ಯಾರ ಜತೆಗೋ ಮಾತಾಡುತ್ತಾ ಆ ಸುತ್ತನ್ನು ನುಡಿಸಲು ಬಂದರೆ ಕೈ ತಯಾರಾಗಿದೆ ಅಂತ ಅರ್ಥ. ಮೊದಲು ಸಾಹಿತ್ಯ ಬೇಡ, ಬರೀ ‘ಲಾ ಲಾ’. ಆಮೇಲೆ ಕಾರ್ಡ್ ಬದಲಾಗುವ ಜಾಗದ ಪದಗಳನ್ನಷ್ಟೇ ಹಾಡಿ, ನಂತರ ಪೂರ್ತಿ ಸಾಲು. ‘ಯೆಸ್ಟರ್‌ಡೇ’ ಇಲ್ಲಿ ಎಚ್ಚರ ಬೇಡುತ್ತದೆ. ಅದರ ಚರಣದ ಸುತ್ತು ಎಂಟಲ್ಲ, ಏಳು ಬಾರ್. ಎಂಟು ಎಂದು ಲೆಕ್ಕ ಹಾಕಿಕೊಂಡ ಕೈ ಕಾಯುತ್ತಾ ಕೂರುತ್ತದೆ, ಅಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ.

8. ಮುಗಿಸುವುದು ಹೇಗೆ?

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹಳೆಯ ರೆಕಾರ್ಡ್‌ಗಳಲ್ಲಿ ಎಷ್ಟೋ ಹಾಡುಗಳು ಮುಗಿಯುವುದೇ ಇಲ್ಲ, ಸದ್ದು ಕಡಿಮೆಯಾಗುತ್ತಾ ಕರಗುತ್ತವೆ. ಎದುರಿಗೆ ಕೂತವರ ಮುಂದೆ ಹಾಗೆ ಕರಗಲು ಆಗುವುದಿಲ್ಲ. ಹಾಗಾಗಿ ಕೊನೆ ಎಲ್ಲಿ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ‘ಸ್ಟ್ಯಾಂಡ್ ಬೈ ಮಿ’ಯಲ್ಲಿ ಕೊನೆಯ ಸುತ್ತಿನ ಡಿ ಆಕಾರದ ಬಾರನ್ನು ನಿಧಾನ ಮಾಡಿ, ಜಿ ಆಕಾರವನ್ನು ಒಂದೇ ಸಲ ಮೇಲಿಂದ ಕೆಳಗೆ ಎಳೆದು ಬಿಡಿ.

ದೊಡ್ಡ ಸಮಸ್ಯೆ ‘ಹೇ ಜೂಡ್’ (1968). ಏಳು ನಿಮಿಷ ದಾಟುವ ಹಾಡಿನಲ್ಲಿ ನಾಲ್ಕು ನಿಮಿಷದಷ್ಟು ಭಾಗ ‘ನಾ ನಾ ನಾ’ ಎಂಬ ಒಂದೇ ಸಾಲು. ನುಡಿಸುವುದು ಸುಲಭ: ಮೂರನೇ ಫ್ರೆಟ್‌ಗೆ ಕೇಪೊ ಹಾಕಿ, ಡಿ, ಸಿ, ಜಿ, ಡಿ. ಎಲ್ಲರೂ ಜತೆಗೂಡುತ್ತಾರೆ, ಕುಣಿಯುವವರೂ ಇರುತ್ತಾರೆ. ಶುರು ಮಾಡುವ ಮೊದಲೇ ಎಷ್ಟು ಸುತ್ತು ಅಂತ ಹೇಳಿಬಿಡಿ. ಆರು ಸಾಕು. ಇಲ್ಲದಿದ್ದರೆ ಅವರು ನಿಲ್ಲಿಸುವುದಿಲ್ಲ, ನಿಮ್ಮ ಕೈ ಬಿದ್ದುಹೋಗುತ್ತದೆ.