400ರ ಪೇಪರ್ ಕೆಡಿಸಿದ ಬಾಗಿಲು

ಮಳೆಗಾಲ ಮುಗಿದ ಮೇಲೆ, ನಾನೇ ಬಣ್ಣ ಹೊಡೆದಿದ್ದ ಒಂದು ಮುಂಬಾಗಿಲನ್ನು ನೋಡಲು ಹೋಗಿದ್ದೆ. ಚಿಲಕದ ಹತ್ತಿರ ಉಗುರು ತಾಗಿಸಿದೆ. ಎನಾಮೆಲ್ ಬಣ್ಣ ಬಾಳೆಹಣ್ಣಿನ ಸಿಪ್ಪೆ ತರ ಎದ್ದು ಬಂತು. ಹಿಂಬದಿ ನೋಡಿದರೆ ಬಣ್ಣಕ್ಕೂ ಮೊದಲು ಮರಕ್ಕೆ ಹೊಡೆಯುವ ಪ್ರೈಮರ್ ಕೂಡ ಅದಕ್ಕೇ ಅಂಟಿಕೊಂಡು ಬಂದಿದೆ, ಕೆಳಗೆ ಸಾಗುವಾನಿ ನುಣ್ಣಗೆ ಹೊಳೆಯುತ್ತಿದೆ. ಮನೆಯವರು ಬೈಯಲಿಲ್ಲ. ಕಾಫಿ ತಂದುಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಆ ಬಾಗಿಲಿಗೆ ನಾನು ಪೇಪರ್, ಅಂದರೆ ಮರ ಉಜ್ಜುವ ಸ್ಯಾಂಡ್‌ಪೇಪರ್, ಹೊಡೆದಿದ್ದು ಹೀಗೆ: 80, 120, 220, 320, ಕೊನೆಗೆ 400. ನಂಬರ್ ಏರಿದಷ್ಟೂ ಹರಳು ಸಣ್ಣ. ಎಲ್ಲವೂ ಬರೀ ಮರದ ಮೇಲೆ. ಕೈಯಾಡಿಸಿದರೆ ರೇಷ್ಮೆ ತರ ಇತ್ತು. ನಾನೂ ಬೀಗಿದ್ದೆ. ಆದರೆ ಅಷ್ಟು ನುಣುಪಾದ ಮರದ ಮೇಲೆ ಪ್ರೈಮರ್‌ಗೆ ಹಿಡಿದುಕೊಳ್ಳಲು ಏನಿದೆ? ಸಾಗುವಾನಿಯಲ್ಲಿ ಎಣ್ಣೆ ಅಂಶ ಬೇರೆ. ಮತ್ತೆ ಎಲ್ಲ ಕೆರೆದು ಹೊಡೆದುಕೊಟ್ಟೆ. ಮೂರು ದಿನದ ಕೂಲಿ, ಬಣ್ಣ, ಪೇಪರ್ ಸೇರಿ ಏಳು ಸಾವಿರದ ಹತ್ತಿರ ನನ್ನ ಜೇಬಿಂದಲೇ ಹೋಯಿತು.

ಆಮೇಲಿಂದ ಬರೀ ಮರಕ್ಕೆ 150ರಲ್ಲಿ ನಿಲ್ಲಿಸಿಬಿಡುತ್ತೇನೆ. 80 ಬೇಕಾಗುವುದು ಕೀಸುಳಿ ಗುರುತು ಇರುವ ಕಡೆ ಮಾತ್ರ. ಆಮೇಲೆ 120, 150, ಅಷ್ಟೇ. ಒದ್ದೆ ಬಟ್ಟೆ ಹಿಂಡಿ ಒಮ್ಮೆ ಒರೆಸಿ ಬಿಡುತ್ತೇನೆ. ಒಣಗಿದ ಮೇಲೆ ಮರದ ಎಳೆಗಳು ಬೆಕ್ಕಿನ ನಾಲಿಗೆ ತರ ಒರಟಾಗಿ ಎದ್ದು ನಿಂತಿರುತ್ತವೆ. ಅದೇ 150ರ ಹಳೇ ತುಂಡಿನಿಂದ ಎಳೆಯ ದಿಕ್ಕಿನಲ್ಲೇ ಹಗುರಾಗಿ ಎರಡು ಸಲ ಎಳೆದರೆ ಮುಗಿಯಿತು. ಹೀಗೆ ಮಾಡದಿದ್ದರೆ ಎಳೆಗಳು ಪ್ರೈಮರ್ ಒಳಗೆ ಎದ್ದು ನಿಲ್ಲುತ್ತವೆ, ಆಗ ಕಾಟ ಜಾಸ್ತಿ.

ನುಣುಪು ತರುವ ಕೆಲಸ ಎಲ್ಲ ಪ್ರೈಮರ್ ಮೇಲೆ. ಮೊದಲ ಪ್ರೈಮರ್‌ಗೆ 220. ಗುಂಡಿಗೆ ಪುಟ್ಟಿ ತುಂಬಿ, ಅದನ್ನು 180ರಿಂದ ಇಳಿಸಿ ಮತ್ತೆ 220. ಎರಡನೇ ಪ್ರೈಮರ್‌ಗೆ 320. ಎನಾಮೆಲ್ ಒಂದು ಕೋಟ್ ಆದ ಮೇಲೆ 400ರ ವಾಟರ್ ಪೇಪರ್, ನೀರಿಗೆ ಒಂದು ಚೂರು ಸೋಪು. ಪುಟ್ಟಿಗೆ ಚಾಕ್ ಪುಡಿ, ಅಗಸೆ ಎಣ್ಣೆ ಎಲ್ಲರೂ ಹಾಕುತ್ತಾರೆ. ನಾನು ಇನ್ನೊಂದು ವಸ್ತು ಹಾಕುತ್ತೇನೆ, ಅದು ನನ್ನ ಹೊಟ್ಟೆಪಾಡು, ಹೇಳಲ್ಲ.

ನಂಬರ್ ಹಾರಿಸಬೇಡಿ. 80ರಿಂದ ಸೀದಾ 220ಕ್ಕೆ ಹೋದರೆ 80ರ ಗೀರು ಕೆಳಗೆ ಹಾಗೇ ಉಳಿಯುತ್ತದೆ, ಮೇಲ್ತುದಿ ಮಾತ್ರ ನುಣುಪಾಗುತ್ತದೆ. ಹಗಲಲ್ಲಿ ಕಾಣುವುದಿಲ್ಲ. ಹೊಳಪಿನ ಎನಾಮೆಲ್ ಹೊಡೆದು ಸಂಜೆ ಲೈಟ್ ಹಾಕಿದರೆ ಗೀರೆಲ್ಲ ಎದ್ದು ಕುಣಿಯುತ್ತದೆ. ಪ್ರತಿ ನಂಬರ್‌ಗೂ ಮೊದಲು ಪೆನ್ಸಿಲ್‌ನಲ್ಲಿ ಅಡ್ಡಾದಿಡ್ಡಿ ಗೀಚುತ್ತೇನೆ. ಗೀಚಿದ್ದು ಪೂರ್ತಿ ಹೋಗುವವರೆಗೂ ಪೇಪರ್ ಬದಲಿಸುವ ಹಾಗಿಲ್ಲ. ನನ್ನ ಹುಡುಗರಿಗೆ ಇದು ಸಿಟ್ಟು ತರಿಸುತ್ತದೆ.

ಇನ್ನೊಂದು ಕಡೆಯೂ ಎಡವಿದ್ದೆ. ಕಾರ್ ಪೇಂಟಿನ ಅಂಗಡಿಯಿಂದ 400 ತಂದೆ. ಹಾರ್ಡ್‌ವೇರ್ ಅಂಗಡಿಯ 400ಕ್ಕಿಂತ ಒರಟು ಅನ್ನಿಸಿತು. ಹಿಂದೆ ನೋಡಿದರೆ ಒಂದರಲ್ಲಿ ‘ಪಿ’ ಅಕ್ಷರ ಇದೆ, ಇನ್ನೊಂದರಲ್ಲಿ ಇಲ್ಲ. ಎರಡೂ ಬೇರೆ ಬೇರೆ ಅಳತೆ. 220ರವರೆಗೆ ಹೆಚ್ಚು ಕಡಿಮೆ ಒಂದೇ, ಆಮೇಲೆ ದೂರ ಹೋಗುತ್ತವೆ. ಪಿ 400 ಅಂದರೆ ಪಿ ಇಲ್ಲದ ಅಮೆರಿಕನ್ ಲೆಕ್ಕದ 320ರ ಹತ್ತಿರ. ಒಂದೇ ಬಾಗಿಲಿಗೆ ಎರಡನ್ನೂ ಬೆರೆಸಬಾರದು.

ದುಡ್ಡಿನ ಲೆಕ್ಕ. ಮೊದಲು ಎಂಟು ರೂಪಾಯಿಯ ಹಾಳೆ ತರುತ್ತಿದ್ದೆ. ಎರಡು ಕಡೆಯ ಬಾಗಿಲಿಗೆ 25 ಹಾಳೆ ಬೇಕಾಗುತ್ತಿತ್ತು, ಹರಳು ಉದುರಿ ಕೈಗೇ ಬರುತ್ತಿತ್ತು. ಈಗ 20 ರೂಪಾಯಿ ಆಸುಪಾಸಿನದ್ದು, ಎಂಟೊಂಬತ್ತು ಸಾಕು. ಖರ್ಚು ಬಹುತೇಕ ಅಷ್ಟೇ, ಅರ್ಧ ದಿನ ಉಳಿಯುತ್ತದೆ. ಪೇಪರ್ ಮೇಲೆ ಸಾಸಿವೆಯಷ್ಟು ಉಂಡೆ ಕಟ್ಟಿದರೆ ಪೇಪರನ್ನು ಬೈಯಬೇಡಿ, ಪ್ರೈಮರ್ ಒಣಗಿಲ್ಲ. ನಮ್ಮ ಮಲೆನಾಡಲ್ಲಿ ಜುಲೈನಲ್ಲಿ ಎರಡು ದಿನ ಕಾದರೂ ಸಾಲದು.

ಜೊತೆಯ ಪೇಂಟರ್ ಒಬ್ಬರು ನಕ್ಕಿದ್ದರು. “150ರಲ್ಲಿ ನಿಲ್ಲಿಸ್ತೀಯಾ? ಎಳೆಯೆಲ್ಲ ಕಾಣತ್ತೆ, ನೋಡ್ತಿರು” ಅಂದರು. ಎರಡು ಕದದ ಒಂದು ಬಾಗಿಲು ಸಿಕ್ಕಿತು. ಮನೆಯವರನ್ನು ಒಪ್ಪಿಸಿ ಎಡಗದ ನನಗೆ, ಬಲಗದ ಅವರಿಗೆ ಅಂತ ಹಂಚಿಕೊಂಡೆವು. ಅವರು ಬರೀ ಮರಕ್ಕೇ 400ರವರೆಗೂ ಹೋದರು. ಆ ದಿನ ಎರಡೂ ಒಂದೇ ತರ ಹೊಳೆಯುತ್ತಿದ್ದವು, ಒಪ್ಪಿಕೊಳ್ಳಬೇಕು. ಎರಡು ಮಳೆಗಾಲ ಕಳೆದ ಮೇಲೆ ಬ್ಲೇಡಿನಿಂದ ಚೌಕುಳಿ ಗೀರಿ, ಟೇಪ್ ಅಂಟಿಸಿ ಕಿತ್ತೆವು. ನನ್ನ ಕದದಲ್ಲಿ ಒಂದು ಚೌಕುಳಿಯೂ ಬರಲಿಲ್ಲ. ಅವರದ್ದರಲ್ಲಿ ಕೆಳಗಿನ ಪಟ್ಟಿಯ ಬಣ್ಣ ಟೇಪಿನ ಜೊತೆಗೇ ಬಂತು. ಅವರು ಟೇಪನ್ನು ಮಡಚಿ ಜೇಬಿಗೆ ಹಾಕಿಕೊಂಡು, “ಎರಡನೇ ಪ್ರೈಮರ್‌ಗೆ ಎಷ್ಟು ನಂಬರ್ ಅಂದಿದ್ದೆ?” ಅಂತ ಕೇಳಿದರು.

ಮಧ್ಯೆ ಒಂದು ಹುಚ್ಚು ಪ್ರಯೋಗವೂ ಆಯಿತು. ಹಳಬರು ಮರ ನುಣುಪು ಮಾಡಲು ಗರಗತ್ತಿ ಎಲೆ ಬಳಸುತ್ತಿದ್ದರು. ನಾನೂ ಒಣಗಿಸಿ ತಂದು ಬಾಗಿಲುವಾಡದ ಕೆತ್ತನೆಗೆ ಉಜ್ಜಿದೆ. ಪೇಪರ್ ಹೋಗದ ಸಂದಿಗೂ ಎಲೆ ಮಡಚಿಕೊಂಡು ಹೋಗುತ್ತದೆ. 200ರ ಸುಮಾರಿನ ಪೇಪರ್ ಹೊಡೆದ ಹಾಗೆ ಅನ್ನಿಸಿತು. ಆದರೆ ಒಂದು ಎಲೆ ಒಂದು ಗೇಣಿಗೆ ಪುಡಿಯಾಗುತ್ತದೆ, ಬುಟ್ಟಿಗಟ್ಟಲೆ ಬೇಕು. ಎರಡು ಹೂವಿನ ಕೆತ್ತನೆಗೇ ಸಾಕಾಯಿತು.

ಹಳೇ ಬಣ್ಣದ ಬಾಗಿಲನ್ನು ಮಾತ್ರ ಒಣಗಿದ್ದಾಗ ಉಜ್ಜಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದಿದ್ದೇ 2017ರಲ್ಲಿ. ಅದಕ್ಕೂ ಹಿಂದಿನ ಪದರದಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು? ನಾನು ನೀರು ಹಾಕಿಕೊಂಡೇ ಉಜ್ಜುತ್ತೇನೆ, ಮಾಸ್ಕ್ ಹಾಕುತ್ತೇನೆ, ಮಕ್ಕಳನ್ನು ಹತ್ತಿರ ಬಿಡಲ್ಲ. ಉಜ್ಜಿದ ಕೆಸರನ್ನು ಬಟ್ಟೆಯಲ್ಲಿ ಒರೆಸಿ ಕಟ್ಟಿಡುತ್ತೇನೆ, ಗಿಡದ ಬುಡಕ್ಕೆ ಸುರಿಯಲ್ಲ.

ವೆನೀರ್, ಅಂದರೆ ಮೇಲೆ ಅಂಟಿಸಿದ ತೆಳು ಮರದ ಪದರ, ಇರುವ ಪ್ಲೈವುಡ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಒಂದು ಕಬೋರ್ಡ್ ಬಾಗಿಲಿಗೆ ರೂಢಿಯಂತೆ 80 ಹಿಡಿದೆ. ನಾಲ್ಕು ಎಳೆತಕ್ಕೆ ಮೂಲೆಯ ತೆಳು ಪದರ ಹರಿದು ಒಳಗಿನ ಕೆಂಪು ಮರ ಕಂಡಿತು. ಈಗ ಅದಕ್ಕೆ 150ರಿಂದಲೇ ಶುರು. ಮೆಷಿನ್ ಇಲ್ಲ, ಕೈಯಲ್ಲೇ.