ಗಂಟಿಗೆ ಸೂಜಿ ಪರೀಕ್ಷೆ: ಹೋಗುವ ಮುನ್ನ, ಮಲಗಿದಾಗ, ವರದಿ ಬಂದಾಗ

ಕತ್ತಿನಲ್ಲೋ ಕಂಕುಳಲ್ಲೋ ಸ್ತನದಲ್ಲೋ ಗಂಟು ಕೈಗೆ ಸಿಕ್ಕಾಗ ವೈದ್ಯರು ‘ಎಫ್‌ಎನ್‌ಎಸಿ ಮಾಡಿಸಿ’ ಎಂದು ಚೀಟಿ ಬರೆಯುವುದುಂಟು. ತೆಳು ಸೂಜಿಯಿಂದ ಗಂಟಿನೊಳಗಿನ ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಇದು. ಕೊಯ್ಯುವುದಿಲ್ಲ, ಹೊಲಿಗೆಯೂ ಇಲ್ಲ. ಬಳಸುವ ಸೂಜಿ ಸಾಮಾನ್ಯವಾಗಿ 22ರಿಂದ 27 ಗೇಜ್. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣ. ತೋಳಿನಿಂದ ರಕ್ತ ತೆಗೆಯಲು ಹೆಚ್ಚಾಗಿ ಬಳಸುವುದು 21 ಗೇಜ್ ಸೂಜಿ. ಇದು ಅದಕ್ಕಿಂತ ತೆಳು.

ಹೋಗುವ ಮುನ್ನ

ರಕ್ತ ತೆಳುವಾಗಿಸುವ ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್‌ನಂಥ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಬಿಟ್ಟರೆ ಆಗುವ ಅಪಾಯದ ಮುಂದೆ ಸೂಜಿಯ ಜಾಗದಲ್ಲಿ ಒಂದಿಷ್ಟು ರಕ್ತ ಕಟ್ಟುವುದು ಏನೂ ಅಲ್ಲ. ಚರ್ಮದ ಕೆಳಗೇ ಇರುವ ಗಂಟಿಗೆ ಉಪವಾಸ ಬೇಕಿಲ್ಲ. ಶ್ವಾಸಕೋಶ, ಯಕೃತ್ತಿನಂಥ ಒಳಗಿನ ಅಂಗವಾದರೆ ಲೆಕ್ಕವೇ ಬೇರೆ: ಸಿ.ಟಿ. ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಹಾಕುತ್ತಾರೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮೊದಲು ಮಾಡಿಸುತ್ತಾರೆ, ಕೆಲವು ಗಂಟೆ ಹೊಟ್ಟೆ ಖಾಲಿ ಇರಲು ಹೇಳಬಹುದು. ಹಳೆಯ ಸ್ಕ್ಯಾನ್ ವರದಿಗಳನ್ನು ಮರೆಯದೆ ಒಯ್ಯಿರಿ.

ಮೇಜಿನ ಮೇಲೆ

ಥೈರಾಯ್ಡ್ ಗಂಟಿನ ಉದಾಹರಣೆ ನೋಡೋಣ. ಹೆಗಲ ಕೆಳಗೆ ದಿಂಬಿಟ್ಟು ತಲೆ ಹಿಂದಕ್ಕೆ ಬಾಗುವಂತೆ ಮಲಗಿಸುತ್ತಾರೆ. ಕುತ್ತಿಗೆ ನೋವಿದ್ದರೆ ಆಗಲೇ ಹೇಳಬೇಕು. ಚರ್ಮ ಒರೆಸಿ, ಗಂಟನ್ನು ಎರಡು ಬೆರಳ ನಡುವೆ ಹಿಡಿದೋ ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡುತ್ತಲೋ ಸೂಜಿ ಇಳಿಸುತ್ತಾರೆ. ಸೂಜಿ ಒಳಗಿರುವಷ್ಟು ಹೊತ್ತು ಉಗುಳು ನುಂಗಬಾರದು, ಮಾತಾಡಬಾರದು. ಏಕೆಂದರೆ ನುಂಗಿದಾಗ ಥೈರಾಯ್ಡ್ ಗ್ರಂಥಿ ಮೇಲೆದ್ದು ಇಳಿಯುತ್ತದೆ, ಸೂಜಿಯ ತುದಿ ಗುರಿ ತಪ್ಪುತ್ತದೆ. ಮೊದಲೇ ಒಮ್ಮೆ ನುಂಗಿಬಿಡಿ. ಕೆಮ್ಮು ಬಂದರೆ ಬೆರಳೆತ್ತುವುದೆಂದು ವೈದ್ಯರೊಡನೆ ಮಾತಾಡಿಕೊಂಡಿರಿ.

ಒಳಗೆ ಹೋದ ಸೂಜಿಯನ್ನು ಕೆಲವು ಸೆಕೆಂಡು ಹಿಂದೆ ಮುಂದೆ ಆಡಿಸುತ್ತಾರೆ. ಅದರ ಹರಿತ ತುದಿ ಕೋಶಗಳನ್ನು ಕೆರೆದು ಬಿಡಿಸಬೇಕಲ್ಲ, ಅದಕ್ಕೆ. ಈ ಒತ್ತಡವೇ ಹಲವರಿಗೆ ಚುಚ್ಚಿದ್ದಕ್ಕಿಂತ ಹೆಚ್ಚು ಕಿರಿಕಿರಿ. ಗಂಟಿನ ಬೇರೆ ಬೇರೆ ಜಾಗದಿಂದ ಎರಡರಿಂದ ನಾಲ್ಕು ಬಾರಿ ತೆಗೆಯುವುದು ವಾಡಿಕೆ. ಎರಡನೇ ಸಲ ಚುಚ್ಚಿದರೆ ಏನೋ ಎಡವಟ್ಟಾಗಿದೆ ಎಂದುಕೊಳ್ಳಬೇಡಿ. ಮೇಲ್ಮೈ ಗಂಟಿಗೆ ಮರಗಟ್ಟಿಸುವ ಚುಚ್ಚುಮದ್ದನ್ನು ಎಷ್ಟೋ ಕಡೆ ಕೊಡುವುದಿಲ್ಲ, ಅದರ ನೋವೂ ಇದರ ನೋವೂ ಹೆಚ್ಚುಕಡಿಮೆ ಒಂದೇ. ಬೇಕೆನಿಸಿದರೆ ಕೇಳಲು ಸಂಕೋಚ ಬೇಡ.

ಸಿರಿಂಜಿನಿಂದ ಜೋರಾಗಿ ಎಳೆದರೆ ಹೆಚ್ಚು ಕೋಶ ಬರುತ್ತದೆ ಎಂಬುದು ನಿಜವಲ್ಲ. ಥೈರಾಯ್ಡ್ ರಕ್ತ ತುಂಬಿದ ಗ್ರಂಥಿ. ಜೋರಾಗಿ ಎಳೆದರೆ ರಕ್ತವೇ ಬಂದು ಕೋಶಗಳು ಅದರಲ್ಲಿ ಕಳೆದುಹೋಗುತ್ತವೆ. ಅದಕ್ಕೇ ಕೆಲವರು ಸಿರಿಂಜನ್ನೇ ಜೋಡಿಸದೆ ಬರೀ ಸೂಜಿ ಹಾಕುತ್ತಾರೆ. ಬಂದ ಹನಿಯನ್ನು ಗಾಜಿನ ಸ್ಲೈಡ್ ಮೇಲೆ ತೆಳುವಾಗಿ ಹರಡಿ, ಕೆಲವನ್ನು ಗಾಳಿಗೆ ಒಣಗಿಸಿ, ಉಳಿದವನ್ನು ಆ ಕ್ಷಣವೇ ಆಲ್ಕೋಹಾಲ್‌ಗೆ ಮುಳುಗಿಸುತ್ತಾರೆ. ತಡವಾದರೆ ಕೋಶಗಳ ಆಕಾರ ಕೆಡುತ್ತದೆ.

ಮುಗಿದ ಮೇಲೆ

ಹತ್ತಿ ಇಟ್ಟು 5ರಿಂದ 10 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಉಜ್ಜಬೇಡಿ. ಒಂದೆರಡು ದಿನ ನೋವು, ನೀಲಿ ಗುರುತು ಸಹಜ, ಪ್ಯಾರಾಸಿಟಮಾಲ್ ಸಾಕು. ಕುತ್ತಿಗೆಯ ಊತ ಬೆಳೆಯುತ್ತಾ ಹೋದರೆ, ಉಸಿರಾಟ ಕಷ್ಟವಾದರೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಎದೆ ಭಾಗಕ್ಕೆ ಸೂಜಿ ಹಾಕಿಸಿಕೊಂಡವರಿಗೆ ಎದೆನೋವು, ಏದುಸಿರು ಬಂದರೂ ಅಷ್ಟೇ. ಶ್ವಾಸಕೋಶದ ಸುತ್ತ ಗಾಳಿ ಸೇರಿರಬಹುದು. ಸೂಜಿ ಮುಟ್ಟಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಪರೀಕ್ಷೆಯನ್ನೇ ಮುಂದೂಡುವವರಿದ್ದಾರೆ. ಸೂಜಿಯ ದಾರಿಯಲ್ಲಿ ಹಾಗಾಗುವುದು ತೀರಾ ಅಪರೂಪ.

ವರದಿ ಓದುವಾಗ

ಹೆಚ್ಚು ಜನ ಎಡವುವುದು ಇಲ್ಲಿಯೇ. ಥೈರಾಯ್ಡ್ ವರದಿಯಲ್ಲಿ ಬೆಥೆಸ್ಡಾ 1ರಿಂದ 6 ಎಂಬ ವರ್ಗ ಇರುತ್ತದೆ. ಅದು ಕ್ಯಾನ್ಸರಿನ ಹಂತವಲ್ಲ. 2 ಎಂದರೆ ನಿರಪಾಯ, 6 ಎಂದರೆ ಕ್ಯಾನ್ಸರ್. ಆದರೆ 1 ಎಂದರೆ ‘ಏನೂ ಇಲ್ಲ’ ಅಲ್ಲ, ‘ಹೇಳುವಷ್ಟು ಕೋಶ ಸಿಗಲಿಲ್ಲ’. ಸಾಮಾನ್ಯವಾಗಿ ತಲಾ 10 ಕೋಶಗಳಿರುವ ಕನಿಷ್ಠ 6 ಗುಂಪುಗಳಾದರೂ ಕಾಣಬೇಕು. ನೀರು ತುಂಬಿದ ಗಂಟಿನಲ್ಲಿ ಬರೀ ದ್ರವ ಬಂದು ಹೀಗಾಗುವುದುಂಟು. ಆಗ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ. 4ನೇ ವರ್ಗದಲ್ಲಿ, ಅಂದರೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಅನುಮಾನ ಉಳಿದಾಗ, ಸೂಜಿಯ ಮಿತಿಯೇ ಎದುರಾಗುತ್ತದೆ: ಗಂಟಿನ ಹೊರಪೊರೆಯನ್ನು ಕೋಶಗಳು ದಾಟಿವೆಯೇ ಎಂಬುದು ಬಿಡಿ ಕೋಶಗಳಲ್ಲಿ ಕಾಣದು, ಗಂಟನ್ನು ತೆಗೆದೇ ನೋಡಬೇಕು.

ದುಗ್ಧಗ್ರಂಥಿಯ (ಲಿಂಫ್ ನೋಡ್) ಗಂಟಾದರೆ ಕ್ಷಯದ ಪರೀಕ್ಷೆಗೂ ಮಾದರಿ ಕಳಿಸಿದ್ದಾರೆಯೇ ಕೇಳಿ. ಬೇರೊಬ್ಬ ತಜ್ಞರ ಅಭಿಪ್ರಾಯ ಬೇಕಿದ್ದರೆ ವರದಿಯ ಕಾಗದವಷ್ಟೇ ಸಾಲದು, ಸ್ಲೈಡ್‌ಗಳನ್ನೂ ಕೇಳಿ ಪಡೆಯಿರಿ. ಗಾಜು ಒಡೆದರೆ ಮತ್ತೆ ಸೂಜಿಯೇ ಗತಿ. ಲಕೋಟೆಯಲ್ಲಿ ಬೇಡ, ಸ್ಲೈಡ್ ಡಬ್ಬಿಯಲ್ಲಿ ಒಯ್ಯಿರಿ.